ರಂಗೋಲಿಯೂ ಹಾಕುತ್ತಾಳೆ

ಮೊಮ್ಮಕ್ಕಳೇ, ಭಾಲ್ಕಿ ಅತ್ತೆಯ ಮದುವೆ ಹೇಗೆ ಕೂಡಿಬಂತೆಂದು ನೀವು ಕೇಳಿದಾಗಲೆಲ್ಲ ನಾನು ನಕ್ಕು ಒಳಗೆ ಹೋಗಿಬಿಡುತ್ತೇನೆ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ಬರೆದಿಡುತ್ತೇನೆ.

ಅವಳು ನನ್ನ ತಂಗಿಯ ಮಗಳು. ಬೀದರಿನಲ್ಲಿ ನರ್ಸ್ ಕೆಲಸ ಸಿಕ್ಕಾಗ ತಾಯಿ, ತಮ್ಮನೊಂದಿಗೆ ಅಲ್ಲೇ ಮೈಲೂರಿನ ನಮ್ಮ ಮನೆಗೇ ಬಂದಿದ್ದಳು. ಸಂಬಂಧ ನೋಡುವವರು ಮೊದಲಿಗೇ ಹುಡುಗಿಯ ಮನೆಗೆ ಬರುವುದಿಲ್ಲ. ಸದ್ದಿಲ್ಲದೆ ಓಣಿಗೆ ಬಂದು ಬಾಜೂ ಮನೆಯಲ್ಲಿ ವಿಚಾರಿಸಿ ಹೋಗುತ್ತಾರೆ. ಹೀಗಾಗಿ ಅವಳ ಮದುವೆ ಬಾಜೂ ಮನೆಯಾಕೆಯ, ಅತ್ತಿಗೆಯೆಂಬಂತೆ ನಾನು ವೈನಿ ಎಂದು ಕರೆಯುವವರ, ನಾಲಿಗೆಯ ಮೇಲೆ ನಿಂತಿತ್ತು.

ಮೊದಲು ಔರಾದಿನಿಂದ ಹುಡುಗನ ಸೋದರತ್ತೆ ಬಂದರು. ನಾನು ನಮ್ಮ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ನಡುವೆ ಗಿಡ್ಡ ಗೋಡೆ, ಮಾತೆಲ್ಲ ಕೇಳಿಸುತ್ತಿತ್ತು.

“ಹುಡುಗಿ ಹ್ಯಾಂಗ ಅದಾಳ್ರಿ?”

“ಬಂಗಾರದಂಥಾಕಿ ನೋಡ್ರಿ. ಅವ್ವ ಹಾಸಿಗಿ ಹಿಡದಾಗ ಈಕಿನೇ ಎತ್ತಿ ಕುಂದರ್ಸಿ ಉಣಿಸ್ಯಾಳ. ತಮ್ಮನ್ನ ಓದ್ಸಿ ದಾರಿಗಿ ಹಚ್ಯಾಳ.”

ಸೋದರತ್ತೆ ಗಟ್ಟಿಯಾಗಿ “ಹೂಂ” ಅಂದರು. ಮನಸ್ಸಿಗೆ ತಟ್ಟಿತ್ತು. ವೈನಿ ಅಲ್ಲಿಗೇ ನಿಲ್ಲಿಸಬಾರದೇ?

“ಉಪ್ಪಿಟ್ಟೂ ಮಾಡ್ತಾಳ್ರಿ. ರಂಗೋಲಿನೂ ಹಾಕ್ತಾಳ, ಭಾಳ ಏನಲ್ಲ, ನಡೀತದ. ಪಾಲಕ ಸೋಸ್ಲಿಕ್ಕಿ ಬರ್ತದ. ಒಬ್ಬಾಕಿನೇ ಬಸ್ ಹತ್ತತಾಳ.”

ಒಂದೂ ಕೆಟ್ಟ ಮಾತಲ್ಲ. ಆದರೆ ಒಂದೊಂದು ಮಾತಿಗೂ ಅವರ “ಹೂಂ” ಸಣ್ಣದಾಗುತ್ತಾ ಹೋಯಿತು. ಗೋಡೆ ಹಾರಿ ವೈನಿಯ ಬಾಯಿ ಮುಚ್ಚಬೇಕೆನ್ನಿಸಿತು. ಹೊಸಬರೆದುರು ನನಗೆ ದನಿಯೇ ಏಳದು. ಪಾತ್ರೆ ಕುಕ್ಕಿದೆ, ಅಷ್ಟೇ.

ಕೆಲವೇ ದಿನಗಳಲ್ಲಿ ಮಾತು ಬಂತು: ಹುಡುಗಿ ಪರವಾಗಿಲ್ಲ, ಅಂಥ ವಿಶೇಷವೇನಿಲ್ಲ, ಬೇರೆ ಕಡೆ ನೋಡುತ್ತೇವೆ. ಡ್ಯೂಟಿಗೆ ಹೊರಟು ನಿಂತಿದ್ದ ಹುಡುಗಿ ಅದನ್ನು ಕೇಳಿ ಊಟದ ಡಬ್ಬಿ ಬಿಟ್ಟೇ ಹೋದಳು.

ವೈನಿಯನ್ನು ಕೇಳಿದೆ.

“ನಾ ಏನ್ ಕಡಿಮಿ ಹೇಳೀನಿ? ಎರಡು ಮಾತಾಡಿ ಸುಮ್ಮ ಕುಂತ್ರ, ಈಕಿಗಿ ಹೊಟ್ಟಿಕಿಚ್ಚು ಅಂತಾರ.”

“ಆ ಎರಡೇ ಸಾಕಿತ್ತಲ್ರಿ ವೈನಿ.”

“ಹ್ಯಾಂಗ ಸಾಕು? ಜಾಸ್ತಿ ಹೇಳಿದ್ರ ಜಾಸ್ತಿನೇ ಆಗ್ತದ.”

ತಕ್ಕಡಿಯಲ್ಲಾದರೆ ಆಗುತ್ತದೆ. ಕೇಳುವವರು ಮಾತುಗಳನ್ನು ಕೂಡಿಸುವುದಿಲ್ಲ, ಕಲಸಿ ರುಚಿ ನೋಡುತ್ತಾರೆ. ಗಟ್ಟಿ ಬೇಳೆಗೆ ನೀರು ಸುರಿದರೆ ಪಾತ್ರೆಯೇನೋ ತುಂಬುತ್ತದೆ, ಉಣ್ಣುವವರ ಮುಖ ನೋಡಬೇಕು. ಎಷ್ಟು ಹೇಳಿದರೂ ಇದು ವೈನಿಯ ತಲೆಗೆ ಹೋಗಲಿಲ್ಲ.

ಮುಂದೆ ಭಾಲ್ಕಿಯವರು ಬಂದರು. ಅದೇ ಅಂಗಳ, ಅದೇ ಪ್ರಶ್ನೆ. ಅವ್ವನ ಸೇವೆಯ ಮಾತು ಬಂತು, ತಮ್ಮನ ಓದಿನ ಮಾತು ಬಂತು. ವೈನಿ ಉಪ್ಪಿಟ್ಟಿಗೆ ಉಸಿರೆಳೆದುಕೊಳ್ಳುವಷ್ಟರಲ್ಲಿ ನಾನು ಗೋಡೆ ಹಿಡಿದು ನಿಂತು ಕೂಗಿದೆ:

“ವೈನಿ, ನಿಮ್ಮ ಹಾಲು ಉಕ್ಲತ್ತಾವ ನೋಡ್ರಿ.”

ವೈನಿ ಓಡಿದರು. ಒಲೆಯ ಮೇಲೆ ಹಾಲೇ ಇರಲಿಲ್ಲ. ಅವರು ಹೊರಗೆ ಬರುವಷ್ಟರಲ್ಲಿ ಭಾಲ್ಕಿಯವರು ಎದ್ದು ನಮ್ಮ ಬಾಗಿಲಿಗೇ ಬಂದು ಕುಡಿಯಲು ನೀರು ಕೇಳಿದ್ದರು.

“ನಾ ಹೊಗಳಿದ್ದಕ್ಕೇ ಲಗ್ನ ಆಯ್ತು, ಆದ್ರ ರಂಗೋಲಿ ಮಾತು ಉಳದೇ ಹೋಯ್ತು” ಎಂದು ವೈನಿ ಇಂದಿಗೂ ಓಣಿಯಲ್ಲಿ ಹೇಳುತ್ತಾರೆ. ನಾಳೆ ನಿಮ್ಮ ಬಗ್ಗೆ ವಿಚಾರಿಸಲೂ ಜನ ಆ ಅಂಗಳಕ್ಕೇ ಬರುತ್ತಾರೆ. ವೈನಿ ಗಟ್ಟಿಯಾಗಿಯೇ ಇದ್ದಾರೆ. ಗೋಡೆಯ ಈಚೆ ನಾನಿರುತ್ತೇನೋ ಇಲ್ಲವೋ. ಅದಕ್ಕೇ ಈ ಹಾಳೆಗಳನ್ನು ಟ್ರಂಕಿನಲ್ಲಿ ಜೋಪಾನವಾಗಿಡಿ, ವೈನಿಯ ಕಣ್ಣಿಗೆ ಮಾತ್ರ ಬೀಳಿಸಬೇಡಿ.