ಅಮ್ಮನ ಮುಂದೆ ನಾನು ಕೇಳಿದ್ದು

ನಿಮ್ಮ ಅಜ್ಜ ಹೇಗೆ ಹೋದರು ಎಂದು ನೀವು ಕೇಳಿದಾಗಲೆಲ್ಲ ಎದೆರೋಗ ಎಂದಷ್ಟೇ ಹೇಳಿ ಒಳಗೆ ಹೋಗಿಬಿಡುತ್ತೇನೆ. ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದೆ. ಬರೆಯುವಾಗ ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಆಗ ನಿಮ್ಮಪ್ಪ ಮೂರನೇ ಕ್ಲಾಸು. ರಾಮಗಿರಿ ಹತ್ತಿರದ ನಮ್ಮೂರಲ್ಲಿ ನಿಮ್ಮ ಅಜ್ಜ ಪಂಚಾಯಿತಿಯ ನೀರುಗಂಟಿ. ಬೆಳಿಗ್ಗೆ ವಾಲ್ವು ತಿರುಗಿಸಿ ಕೇರಿಕೇರಿಗೆ ನೀರು ಬಿಡುವುದು ಅವರ ಕೆಲಸ. ಆ ವರ್ಷ ವಾಲ್ವು ತಿರುಗಿಸುವಷ್ಟರಲ್ಲೇ ಕೆಮ್ಮು ಹತ್ತಿ ಅಲ್ಲೇ ಕುಕ್ಕರಿಸಿ ಕೂರುತ್ತಿದ್ದರು. ದುರ್ಗದ ಆಸ್ಪತ್ರೆಗೆ ಹೋದೆವು. ಕಫ ನೋಡಿ ಟಿ.ಬಿ. ಎಂದರು. ಎಂಟು ತಿಂಗಳು ಮಾತ್ರೆ, ಒಂದು ದಿನವೂ ತಪ್ಪಿಸಬಾರದು ಎಂದು ಡಾಕ್ಟರು ಎರಡು ಸಲ ಹೇಳಿದರು.

ಆ ಮಾತ್ರೆ ನುಂಗಿದರೆ ಮೂತ್ರ ಕೆಂಪಾಗುತ್ತಿತ್ತು. ಅದು ಮಾತ್ರೆಯ ಬಣ್ಣ, ಹೆದರಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನು ಅದನ್ನು ಅತ್ತೆಗೂ ಹೇಳಿದ್ದೆ. ಆದರೆ ನನ್ನ ಮಾತು ಮನೆಯಲ್ಲಿ ಯಾವತ್ತೂ ಅಷ್ಟು ಗಟ್ಟಿಯಾಗಿ ಕೇಳಿಸಿದ್ದಿಲ್ಲ. ಬಚ್ಚಲಲ್ಲಿ ಕೆಂಪು ನೋಡಿದ ದಿನದಿಂದ ಮಗನ ರಕ್ತವೇ ಹರಿದುಹೋಗುತ್ತಿದೆ ಎಂದು ಅತ್ತೆ ಕೊರಗಿದರು. ಮೂರನೇ ತಿಂಗಳಿಗೆ ಕೆಮ್ಮು ಇಳಿಯಿತು. ಅವರು ಎರಡು ಮುದ್ದೆ ಉಣ್ಣತೊಡಗಿದರು. ಇಷ್ಟು ವಾಸಿಯಾದ ಮೇಲೆ ಆ ಬೆಂಕಿ ಮಾತ್ರೆ ಯಾಕೆ, ಐದು ಮಂಗಳವಾರ ಊರದೇವತೆ ಅಮ್ಮನ ಭಂಡಾರ ಸಾಕು ಎಂದು ಅತ್ತೆ ಹಟ ಹಿಡಿದರು. ಗುಡಿಯ ಆ ಅರಿಸಿನ ಪುಡಿ ತಗೊಳ್ಳುವವರು ಬೇರೆ ಔಷಧಿ ಮುಟ್ಟಬಾರದು ಎನ್ನುವುದು ನಮ್ಮೂರ ನೇಮ.

ಅತ್ತೆಯನ್ನು ಕೆಟ್ಟವರೆಂದು ತಿಳಿಯಬೇಡಿ. ಹೆತ್ತ ಮೂವರಲ್ಲಿ ಇಬ್ಬರನ್ನು ದಡಾರದಲ್ಲಿ ಕಳೆದುಕೊಂಡಿದ್ದರು. ಅದೇ ದಡಾರ ಬಂದು ಉಳಿದ ಇವರೊಬ್ಬರನ್ನು ಅಮ್ಮನೇ ಬಿಟ್ಟುಕೊಟ್ಟಳು ಎಂದು ನಂಬಿದ್ದರು.

ಅಮ್ಮ ಒಪ್ಪಿದರೆ ಮಾತ್ರ ಮಾತ್ರೆ ಬಿಡುತ್ತೇನೆ ಎಂದರು ನಿಮ್ಮ ಅಜ್ಜ. ಹಾಗಾಗಿ ನಾನು, ಅತ್ತೆ ಗುಡಿಗೆ ಹೂ ಕೇಳಲು ಹೋದೆವು. ಪೂಜಾರಿ ಅಮ್ಮನ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಕಣಗಿಲೆ ಹೂ ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲೇ ಕೇಳಬೇಕು. ಬಲಗಡೆಯ ಹೂ ಮೊದಲು ಬಿದ್ದರೆ ಹೌದು, ಎಡಗಡೆಯದಾದರೆ ಇಲ್ಲ. ಗಂಡನ ವಿಷಯ ಹೆಂಡತಿಯೇ ಕೇಳಬೇಕು. ಮಾತ್ರೆ ಬಿಡಿಸಬಹುದಾ ಎಂದು ಕೇಳು ಅಂತ ಅತ್ತೆ ದಾರಿಯುದ್ದಕ್ಕೂ ಹೇಳಿಕೊಟ್ಟರು.

"ಮನಸ್ನಾಗೆ ಕೇಳ್ಕಳವ್ವ" ಎಂದ ಪೂಜಾರಿ.

ಕಣ್ಣು ಮುಚ್ಚಿದೆ. ಮಾತ್ರೆಯ ಮಾತು ನೆನಪಿಗೇ ಬರಲಿಲ್ಲ. ಇವರು ಉಳಿಯುತ್ತಾರಾ ತಾಯಿ ಎಂದು ಕೇಳಿಬಿಟ್ಟೆ. ಕಣ್ಣು ಬಿಡುವಷ್ಟರಲ್ಲಿ ಬಲಗಡೆಯ ಹೂ ಕೆಳಗಿತ್ತು. ಅತ್ತೆ ಹೊಸಿಲಿಗೆ ಹಣೆ ಹಚ್ಚಿ ಅತ್ತರು. ನಾನು ಕೇಳಿದ್ದೇ ಬೇರೆ ಎಂದು ಆಗಲೇ ಹೇಳಬೇಕಿತ್ತು. ಅಷ್ಟು ಜನರೆದುರು ಬಾಯಿ ಬರಲಿಲ್ಲ. ಜೊತೆಗೆ, ಉಳಿಯುತ್ತಾರೆ ಎಂದು ಅಮ್ಮನೇ ಹೇಳಿದ ಮೇಲೆ ಮಾತ್ರೆ ಇದ್ದರೇನು, ಬಿಟ್ಟರೇನು ಎಂದೂ ಅನ್ನಿಸಿತು. ಆ ಸಂತೋಷದಲ್ಲೇ ಮನೆಗೆ ಬಂದೆ.

ಮನೆಯಲ್ಲಿದ್ದ ನಿಮ್ಮ ಅಜ್ಜ ಅತ್ತೆಯ ಮಾತನ್ನೆಲ್ಲ ಕೇಳಿ ನನ್ನ ಕಡೆ ತಿರುಗಿದರು.

"ನೀನೇ ಕೇಳಿದ್ಯಾ?"

ತಲೆ ಆಡಿಸಿದೆ. ನಾನು ಸುಳ್ಳು ಹೇಳುವವಳಲ್ಲ ಎಂದು ಅವರಿಗೆ ಗೊತ್ತಿತ್ತು. ಉಳಿದ ಮಾತ್ರೆಗಳನ್ನು ಅವರೇ ಕಟ್ಟಿ ಅಟ್ಟದ ಮೇಲೆ ಇಟ್ಟರು.

ಐದು ಮಂಗಳವಾರ ಚೆನ್ನಾಗಿಯೇ ಕಳೆದವು. ಆಮೇಲೆ ಮತ್ತೆ ಕೆಮ್ಮು ಬಂತು. ಈ ಸಲ ಕಫದಲ್ಲಿ ನಿಜವಾದ ರಕ್ತವಿತ್ತು. ದುರ್ಗದ ಡಾಕ್ಟರು ಮಾತ್ರೆ ನಿಲ್ಲಿಸಿದ್ದಿರಾ ಎಂದು ಕೇಳಿದಾಗ ನಾನು ನೆಲ ನೋಡಿದೆ. ನಾನೇ ನಿಲ್ಲಿಸಿದೆ ಎಂದರು ನಿಮ್ಮ ಅಜ್ಜ. ಬೈಗುಳವನ್ನೂ ಅವರೇ ತಿಂದರು. ದಿನಾ ಸೂಜಿ ಚುಚ್ಚಿದರು, ಬೇರೆ ಮಾತ್ರೆ ಕೊಟ್ಟರು. ಮೈ ಹಿಡಿಯಲಿಲ್ಲ. ಒಂದು ಮಧ್ಯಾಹ್ನ ನಾನು ಮಂಚದ ಪಕ್ಕ ಅಳುತ್ತ ಕೂತಿದ್ದೆ.

"ಅಮ್ಮ ಬಲಗಡೆ ಕೊಟ್ಟವಳೆ. ಹೆದರ್‍ಬ್ಯಾಡ" ಎಂದರು.

ಅದಾಗಿ ಒಂಬತ್ತು ದಿನಕ್ಕೆ ತೀರಿಕೊಂಡರು.

ಅತ್ತೆ ಅಮ್ಮನ ಗುಡಿಯ ದಾರಿಯನ್ನೇ ಬಿಟ್ಟರು. ಮಂಗಳವಾರ ದೀಪ ಹಚ್ಚಲಿಲ್ಲ. ಒಪ್ಪಿ ಮೋಸ ಮಾಡಿದಳು ಎಂದು ದನದ ಕೊಟ್ಟಿಗೆಯಲ್ಲಿ ಒಬ್ಬರೇ ಬೈದುಕೊಳ್ಳುವುದು ನನಗೆ ಕೇಳಿಸುತ್ತಿತ್ತು. ಒಂದು ಮಾತು ಹೇಳಿದ್ದರೆ ಆ ಮುದುಕಿಗೆ ಅವರ ದೇವರು ಮರಳಿ ಸಿಗುತ್ತಿದ್ದಳು. ಆದರೆ ಮಗನನ್ನು ಕಳೆದವಳು ಸೊಸೆ ಎಂದಾಗುತ್ತಿತ್ತು. ಹತ್ತು ವರ್ಷ ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಸುಲಭ, ಅದೇ ನನ್ನ ರೋಗ.

ಅಷ್ಟರಲ್ಲಿ ನಿಮ್ಮಪ್ಪನಿಗೆ ಹೊಸದುರ್ಗದಲ್ಲಿ ಕೆಲಸವಾಗಿತ್ತು, ಶನಿವಾರ ಊರಿಗೆ ಬರುತ್ತಿದ್ದ. ಒಂದು ಸೋಮವಾರ ನಾನು, ಅತ್ತೆ ಇಬ್ಬರೇ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆವು. ಅತ್ತೆಯ ಕಣ್ಣಿಗೆ ಪೊರೆ ಬಂದು ನನ್ನ ಮುಖ ಕಾಣುತ್ತಿರಲಿಲ್ಲ. ಅದಕ್ಕೇ ಧೈರ್ಯ ಬಂತೋ ಏನೋ, ಎಲ್ಲ ಹೇಳಿಬಿಟ್ಟೆ. ಅತ್ತೆ ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿದರು. ಆಮೇಲೆ ಕೇಳಿದರು:

"ಹಂಗಾರೆ ಅಮ್ಮ ಸುಳ್ಳು ಹೇಳಿದ್ದು ನಿನಗೆ. ನನಗಲ್ಲ. ಹೌದೇನೇ?"

"ಹೌದು ಅತ್ತೆ" ಎಂದೆ.

ಮಾರನೆಯ ದಿನ ಮಂಗಳವಾರ. ಅತ್ತೆ ತಲೆಗೆ ನೀರು ಹಾಕಿಕೊಂಡು, ಪಕ್ಕದ ಮನೆಯವಳ ಕೈ ಹಿಡಿದು ಗುಡಿಗೆ ಹೋದರು. ಸಾಯುವವರೆಗೂ ಒಂದು ವಾರವನ್ನೂ ತಪ್ಪಿಸಲಿಲ್ಲ. ನನ್ನನ್ನು ಒಮ್ಮೆಯೂ ಬೈಯಲಿಲ್ಲ, ಗುಡಿಗೆ ಬಾ ಎಂದು ಕರೆಯಲೂ ಇಲ್ಲ. ಅಮ್ಮ ಸುಳ್ಳು ಹೇಳಿದಳೋ, ಮಾತ್ರೆ ಬಿಡದಿದ್ದರೆ ಉಳಿಯುತ್ತಾರೆ ಎಂದೇ ಹೇಳಿದ್ದಳೋ, ನನಗೆ ಇಂದಿಗೂ ಗೊತ್ತಿಲ್ಲ. ನೀನು ಯಾಕಮ್ಮ ಹೋಗುವುದಿಲ್ಲ ಎಂದು ನಿಮ್ಮಪ್ಪ ಕೇಳಿದಾಗ ಮೊಣಕಾಲು ನೋವು ಎಂದೆ. ಅದೂ ನಿಜವಲ್ಲ.