ಗಂಡಸರ ವಾಸ

ಐವತ್ತೆರಡನೆಯ ವಯಸ್ಸಿನಲ್ಲಿ ನಾನು ಗಂಡಸರ ಸೆಂಟು ಹಚ್ಚಿಕೊಳ್ಳಲು ಶುರು ಮಾಡಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೇಳಬೇಕಾದವರಿಗೆ ಹೇಳದೆ ಆದ ಫಜೀತಿಯೇ ಮುಂದಿನದೆಲ್ಲ. ನಾನು ಖಾನಾಪುರದ ಒಂದು ಕಾಲೇಜಿನಲ್ಲಿ ಕನ್ನಡ ಕಲಿಸುವ ಹೆಂಗಸು. ಮದುವೆಯಾಗಿಲ್ಲ. ಬೆಳಗಾವಿಯ ಶಿವಬಸವ ನಗರದಲ್ಲಿ ಕೆಳಮನೆಯೊಂದನ್ನು ಬಾಡಿಗೆಗೆ ಹಿಡಿದು ಹನ್ನೊಂದು ವರ್ಷವಾಯಿತು. ಬೆಳಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಹಳಗನ್ನಡ.

ಕೊಬ್ಬರಿ ಎಣ್ಣೆ ಕೊಳ್ಳಲು ಖಡೇಬಜಾರಿಗೆ ಹೋಗಿದ್ದೆ. ನನಗಿಂತ ಮುಂಚೆ ಬಂದ ಗಿರಾಕಿಗೆ ತೋರಿಸಲೆಂದು ಅಂಗಡಿಯಾತ ಸೆಂಟು ಹೊಡೆದ ಕಾಗದದ ಚೂರೊಂದು ಕಟ್ಟೆಯ ಮೇಲೆ ಬಿದ್ದಿತ್ತು. ಎತ್ತಿ ಮೂಸಿದೆ. ಮೊದಲು ಮೆಣಸು, ಆಮೇಲೆ ದಾಲ್ಚಿನ್ನಿ, ಲವಂಗ. ಅವು ಸರಿದ ಮೇಲೆ ಆಗತಾನೆ ಕೊಯ್ದ ಕಟ್ಟಿಗೆಯ ಕಂಪು. ಖಾನಾಪುರದ ಹತ್ತಿರ ನಮ್ಮ ಬಸ್ಸು ಕಟ್ಟಿಗೆ ಅಡ್ಡೆಯೊಂದರ ಮುಂದೆ ನಿಧಾನವಾಗುತ್ತದೆ. ಆ ಅರ್ಧ ನಿಮಿಷಕ್ಕಾಗಿ ನಾನು ಕಿಟಕಿಯ ಸೀಟು ಹಿಡಿಯುತ್ತೇನೆ. ಈಗ ಅದು ಶೀಶೆಯಲ್ಲಿ ಸಿಗುತ್ತದೆಂದರೆ ಬಿಡುವುದುಂಟೆ?

"ಇದು ಜೆಂಟ್ಸ್‌ದು ಐತ್ರಿ ಮೇಡಂ. ಸಾಹೇಬರಿಗೇನ್ರಿ?" ಅಂದ ಅಂಗಡಿಯಾತ.

ನಾನು ಕೆಮ್ಮಿದೆ. ಅವನು ಅದನ್ನು ಹೌದೆಂದು ತಿಳಿದು ಕಟ್ಟಿಕೊಟ್ಟ.

ಈಗ ನೀವು ಒಂದು ಹಳೆಯ ಪ್ರೇಮಕಥೆಗೆ ಕಾಯುತ್ತಿರುತ್ತೀರಿ. ಇದೇ ಪರಿಮಳ ಹಚ್ಚಿಕೊಳ್ಳುತ್ತಿದ್ದ ಯಾರೋ ಒಬ್ಬ, ಮುಗಿಯದೆ ಉಳಿದ ಒಂದು ಮಾತು, ಇತ್ಯಾದಿ. ಕ್ಷಮಿಸಿ, ಯಾರೂ ಇರಲಿಲ್ಲ. ಇದ್ದಿದ್ದರೆ ನೆನೆಸಿಕೊಳ್ಳಲಿಕ್ಕಾದರೂ ಆಗುತ್ತಿತ್ತು. ನನಗೆ ಗೊತ್ತಿರುವ ಗಂಡಸರಲ್ಲಿ ಅಪ್ಪನಿಗೆ ತಂಬಾಕಿನ ವಾಸನೆಯಿತ್ತು, ನಮ್ಮ ಪ್ರಿನ್ಸಿಪಾಲರ ಕೋಟಿಗೆ ನುಸಿಗುಳಿಗೆಯ ವಾಸನೆಯಿದೆ, ಉಳಿದವರು ಪರೀಕ್ಷೆಯ ದಿನಗಳಲ್ಲಿ ಬೆವರುತ್ತಾರೆ.

ಲವಂಗ, ಮೆಣಸು, ದಾಲ್ಚಿನ್ನಿಗಳನ್ನು ಹುರಿದು ಕುಟ್ಟಿ ಡಬ್ಬಿ ತುಂಬಿದವರು ತಲತಲಾಂತರದಿಂದ ಹೆಂಗಸರು. ಅದನ್ನೇ ಶೀಶೆಗೆ ಹಾಕಿ ಕರೀ ಮುಚ್ಚಳ ಹಾಕಿದ ಕೂಡಲೇ ಅದು ಗಂಡಸರದು ಹೇಗಾಯಿತೋ ತಿಳಿಯದು. ಸೆಂಟಿನ ಡಬ್ಬಿಯ ಮೇಲೆ, ಈ ಸುಗಂಧ ಎಂಥವರಿಗೆ ಒಪ್ಪುತ್ತದೆ ಎಂದೂ ಬರೆದಿದ್ದರು: ಮಿತಭಾಷಿ, ಸ್ವತಂತ್ರ, ನಿಗೂಢ, ಸುಲಭಕ್ಕೆ ಯಾರ ಕೈಗೂ ಸಿಗದವ. ಓದಿ ನಗು ಬಂತು. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದಿದ್ದರೆ ಎಂಥ ವಾಚಾಳಿಯೂ ಮಿತಭಾಷಿ. ಯಾರೂ ಏನನ್ನೂ ಕೇಳದಿದ್ದರೆ ಯಾರಾದರೂ ನಿಗೂಢ. ಸ್ವತಂತ್ರಳಂತೂ ಹೌದು, ರವಿವಾರ ಊಟ ಮಾಡಿದರೂ ಬಿಟ್ಟರೂ ಕೇಳುವವರಿಲ್ಲ. ಇಷ್ಟು ಸರಿಯಾಗಿ ನನ್ನ ಜಾತಕವನ್ನು ಯಾವ ಜೋಯಿಸರೂ ಬರೆದಿರಲಿಲ್ಲ.

ಕಾಲೇಜಿಗೆ ಹಚ್ಚಿಕೊಂಡು ಹೋಗುವ ಧೈರ್ಯ ಬರಲಿಲ್ಲ. ಸಂಜೆ ಮನೆಗೆ ಬಂದು, ಮುಖ ತೊಳೆದು, ಕಿವಿಯ ಹಿಂದೆ ಒಂದಿಷ್ಟು ಹಚ್ಚಿಕೊಂಡು ಚಹಾ ಕುಡಿಯುವುದು ರೂಢಿಯಾಯಿತು. ಕಾಕು ಬರುವ ಹೊತ್ತೂ ಅದೇ ಆಗಿತ್ತು.

ಕಾಕು ನಮ್ಮ ಮಾಳಿಗೆಯ ಮೇಲಿನ ಕೋಣೆಗೆ ಮೂರು ತಿಂಗಳ ಹಿಂದೆ ಬಂದ ಮರಾಠಿ ಹೆಂಗಸು; ಕಾಕು ಎಂದರೆ ಅವರಲ್ಲಿ ಚಿಕ್ಕಮ್ಮ. ಅರವತ್ತೈದು ದಾಟಿದವರು, ಗಂಡ ತೀರಿಕೊಂಡಿದ್ದಾರೆ, ಸೀರೆಗಳಿಗೆ ಫಾಲ್ ಹಚ್ಚಿ ಒಬ್ಬರೇ ಬದುಕುತ್ತಾರೆ. ಹುಟ್ಟಿ ಬೆಳೆದದ್ದು, ಬಾಳಿದ್ದು ಎಲ್ಲ ಖಾನಾಪುರ. ಅವರ ಊರಿಗೆ ನಾನು ದಿನಾ ಹೋಗಿಬರುವವಳಾದ್ದರಿಂದ ಸಂಜೆ ಬಂದು ನನ್ನ ಹೊಸ್ತಿಲ ಒಳಗೆ ಕುಳಿತು, "ಬಾಯಿ, ಖಾನಾಪುರ ಹ್ಯಾಂಗೈತಿ?" ಎನ್ನುತ್ತಿದ್ದರು. ಸಾಲಿ ಕಲಿಸುವ ಹೆಂಗಸರು ನಮ್ಮ ಕಡೆ ಎಲ್ಲರಿಗೂ ಬಾಯಿಯೇ. ಮಲಪ್ರಭೆಯಲ್ಲಿ ನೀರು ಎಷ್ಟಿದೆ, ಸಂತೆಗೆ ಗೆಣಸು ಬಂತೋ ಇಲ್ಲವೋ, ಸ್ಟೇಶನ್ನಿನ ಹತ್ತಿರ ಯಾವ ಅಂಗಡಿ ಮುಚ್ಚಿತು, ನಾನು ವರದಿ ಒಪ್ಪಿಸಬೇಕು. ಮೂವತ್ತು ವರ್ಷ ತರಗತಿಯಲ್ಲಿ ಮಾತಾಡಿದ್ದೇನೆ. ಯಾರೂ ಅಷ್ಟು ಕಿವಿಗೊಟ್ಟು ಕೇಳಿದ್ದಿಲ್ಲ. ಆ ಅರ್ಧ ತಾಸಿಗಾಗಿ ನಾನು ಬಸ್ಸಿನಲ್ಲಿ ಕಣ್ಣು ಬಿಟ್ಟುಕೊಂಡು ಊರು ನೋಡುವುದನ್ನು ಕಲಿತೆ.

ಒಂದು ಸಂಜೆ ಕಾಕು ಹೊಸ್ತಿಲಲ್ಲೇ ನಿಂತು ಮೂಗು ಏರಿಸಿದರು.

"ಬಾಯಿ, ನಿಮ್ಮ ಮನ್ಯಾಗ ಯಾರ ವಾಸ ಇದು?"

"ಯಾರದ ಅಂದ್ರ? ನಂದೊಬ್ಬಾಕಿದ ರೀ ಕಾಕು."

"ಛೆ, ನಿಮ್ಮದಲ್ಲ. ಗಂಡಸರ ವಾಸ ಐತಿ. ನಿನ್ನೇನೂ ಇತ್ತ."

ನನಗೆ ಸಿಟ್ಟು ನೆತ್ತಿಗೇರಿತು. "ಏನ್ ಮಾತಾಡ್ತೀರಿ ಕಾಕು! ಹನ್ನೊಂದು ವರ್ಷದಿಂದ ಈ ಮನ್ಯಾಗ ನಾ ಒಬ್ಬಾಕಿನ ಅದೀನಿ. ಯಾ ಗಂಡಸರ ವಾಸಾನೂ ಇಲ್ಲ."

"ಸಿಟ್ಟಾಗಬ್ಯಾಡ್ರಿ. ಚಲೋ ಐತಿ ಹೇಳಿ ಅಂದೆ. ಕಟಗಿ ಅಡ್ಡ್ಯಾಗ ಲವಂಗ ಜಜ್ಜಿಧಂಗ ಐತಿ."

ಆಗ ತಲೆಗೆ ಹೊಳೆಯಿತು. ಕನ್ನಡದಲ್ಲಿ ವಾಸ ಎಂದರೆ ಇರುವುದು, ಮನೆ ಮಾಡುವುದು. ಮರಾಠಿಯಲ್ಲಿ ವಾಸ ಎಂದರೆ ವಾಸನೆ. ಕಾಕು ಕನ್ನಡದ ವಾಕ್ಯದಲ್ಲಿ ಮರಾಠಿ ಶಬ್ದ ಇಟ್ಟಿದ್ದರು, ಅಷ್ಟೆ. ವಡಗಾವಿಯ ಮಗ್ಗದ ಓಣಿಯಲ್ಲಿ ಎರಡೂ ಭಾಷೆ ಕೇಳುತ್ತ ಬೆಳೆದ ನನಗೆ ಇದು ತಿಳಿಯದ್ದೇನಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಕಿವಿ ಬೇರೆ ಇರುತ್ತದೆ. ಶಾಸ್ತ್ರದವರು ಮನಸ್ಸಿನಲ್ಲಿ ಹಳೆಯದರ ಗುರುತು ಉಳಿಯುವುದಕ್ಕೂ ವಾಸನೆ ಎಂದೇ ಕರೆದರು. ಅವರ ಪ್ರಕಾರ ವಾಸನೆ ಇದ್ದಲ್ಲಿ ಎಂದೋ ಒಂದು ವಾಸ ಇದ್ದಿರಲೇಬೇಕು. ನನ್ನ ಮನೆಯನ್ನು ಅವರು ನೋಡಿರಲಿಲ್ಲ.

ಅರ್ಥ ತಿಳಿದ ಮೇಲಾದರೂ ನಿಜ ಹೇಳಬಹುದಿತ್ತು. ಈ ವಯಸ್ಸಿನಲ್ಲಿ ಒಬ್ಬಳೇ ಕೂತು ಗಂಡಸರ ಸೆಂಟು ಹಚ್ಚಿಕೊಳ್ಳುತ್ತೇನೆ ಎನ್ನಲು ನಾಲಿಗೆ ಏಳಲಿಲ್ಲ. "ನಮ್ಮಣ್ಣ ಬಂದಾನ್ರಿ" ಅಂದೆ. ನನಗೆ ಅಣ್ಣನಿಲ್ಲ.

ಕಾಕು ತಟ್ಟನೆ ಸೆರಗು ತಲೆಯ ಮೇಲೆ ಎಳೆದುಕೊಂಡರು. "ಅಯ್ಯ, ಮದಲ ಹೇಳಬಾರದೇನ್ರಿ? ಗಂಡಸರು ಮನ್ಯಾಗಿದ್ದಾಗ ನಾ ಹ್ಯಾಂಗ ಬಂದ ಕುಂದರಲಿ?" ಎಂದು ಮೆಲ್ಲಗೆ ಅಂದು ಮೆಟ್ಟಿಲು ಹತ್ತಿ ಹೋದರು.

ಮರುದಿನದಿಂದ ಅವರು ಬಾಗಿಲ ತನಕ ಬರುವುದು, ಮೂಸಿ ನೋಡುವುದು, "ಅಣ್ಣಾರು ಅದಾರಲ್ಲ? ಇರ್ಲಿ, ಆಮ್ಯಾಲೆ ಬರ್ತೀನಿ" ಎಂದು ಒಂದು ಬಟ್ಟಲು ನನ್ನ ಕೈಗಿಟ್ಟು ತಿರುಗುವುದು ನಡೆಯಿತು. ಬಟ್ಟಲಲ್ಲಿ ಅಣ್ಣನಿಗೆಂದು ಮಾಡಿದ ಝುಣಕ, ಇನ್ನೊಂದು ದಿನ ಥಾಲಿಪೀಟು. ಅಣ್ಣನ ಪಾಲನ್ನೂ ನಾನೇ ಉಂಡೆ. ಖಾನಾಪುರದ ಸುದ್ದಿ ಮಾತ್ರ ಹೊಟ್ಟೆಯಲ್ಲೇ ಉಳಿಯಿತು. ಹೊಳೆಗೆ ಹೊಸ ನೀರು ಬಂದದ್ದನ್ನು ನೋಡಿ ಬಂದ ದಿನ, ಹೇಳಲು ಯಾರೂ ಇಲ್ಲದೆ ಚಹಾದ ಕಪ್ಪು ಹಿಡಿದು ಸುಮ್ಮನೆ ಕುಳಿತೆ. ಅಳು ಬಂದದ್ದನ್ನು ಮುಚ್ಚಿಡುವುದಿಲ್ಲ.

ಅಣ್ಣ ಊರಿಗೆ ಹೋದ ಎಂದರೆ ಮುಗಿಯುತ್ತಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಆದರೆ ಇದ್ದ ಒಬ್ಬನನ್ನೂ ಕಳಿಸಿಬಿಡಲು ಮನಸ್ಸು ಬರಲಿಲ್ಲ. ಅವನು ಡಬ್ಬಿಯ ಮೇಲೆ ಬರೆದ ಹಾಗೆಯೇ ಇದ್ದ, ಮಿತಭಾಷಿ. ತರಕಾರಿ ಹೆಚ್ಚುವಾಗ ನಾನೇ ಅವನಿಗೆ ಒಂದೆರಡು ಮಾತು ಆಡಿದ್ದುಂಟು. ಉತ್ತರ ಬಾರದಿದ್ದುದು ಅವನ ಸ್ವಭಾವಕ್ಕೆ ಒಪ್ಪುವಂತೆಯೇ ಇತ್ತು.

ಹದಿನೈದು ದಿನ ಹೀಗೆ ಕಳೆಯಿತು. ರವಿವಾರ ಮಧ್ಯಾಹ್ನ ಬಟ್ಟಲುಗಳನ್ನು ತೊಳೆದು, ಖಾಲಿ ಮರಳಿಸಬಾರದೆಂದು ಒಂದಿಷ್ಟು ಸಕ್ಕರೆ ಹಾಕಿಕೊಂಡು ಮೇಲೆ ಹೋದೆ. ಕಾಕು ನೀಲಿ ಸೀರೆಯೊಂದಕ್ಕೆ ಫಾಲ್ ಹಚ್ಚುತ್ತಿದ್ದರು.

"ಕಾಕು, ನನಗ ಅಣ್ಣ ಇಲ್ಲ ರೀ. ಆ ವಾಸ ನಂದ. ಸೆಂಟ್ ತಂದೀನಿ, ನಾನ ಹಚಗೋತೀನಿ."

ಸೂಜಿ ನಿಂತಿತು. ನಗುತ್ತಾರೆ ಅಥವಾ ಬೈಯುತ್ತಾರೆ ಎಂದುಕೊಂಡಿದ್ದೆ. ಕಾಕು ಎರಡನ್ನೂ ಮಾಡಲಿಲ್ಲ.

"ಅಂದ್ರ ಕೆಳಗ ಯಾರೂ ಇಲ್ಲ?"

"ಇಲ್ಲ ರೀ."

"ಕೆಳಗ ಒಬ್ಬ ಗಂಡಮಗ ಅದಾನಂತ ಹದಿನೈದ ದಿನ ಆರಾಮ ಮಲಗೀನಿ ಬಾಯಿ. ಈ ಊರಿಗಿ ಬಂದಾಗಿಂದ ಕಿಡಕಿ ಸಪ್ಪಳಾದ್ರ ಎದ್ದ ಕುಂದರತಿದ್ದೆ."

ನಾನು ಬಟ್ಟಲುಗಳನ್ನು ಕೆಳಗಿಟ್ಟೆ. ನನ್ನ ಮನೆಯಲ್ಲಿಲ್ಲದವನೊಬ್ಬ ಅವರ ಮನೆಯನ್ನೂ ಕಾಯುತ್ತಿದ್ದ. ಈಗ ಇಬ್ಬರ ಪಾಲಿಗೂ ಒಮ್ಮೆಲೇ ಇಲ್ಲವಾಗಿದ್ದ. ಕಾಕು ಬಾಜುಕ್ಕೆ ಸರಿದು ಚಾಪೆಯ ಮೇಲೆ ಜಾಗ ಮಾಡಿದರು. "ಕುಂದರ್ರಿ" ಅಂದರು. ಕುಳಿತೆ. ಅವರು ಮತ್ತೆ ಸೂಜಿ ಹಿಡಿದು, ಸೀರೆಯ ಅಂಚಿನ ಮೇಲಿನ ಕಣ್ಣು ತೆಗೆಯದೆ ಕೇಳಿದರು:

"ಮದಿವಿ ಆಗೇತೇನು ನಿಮ್ಮಣ್ಣಂದು?"

ಅಣ್ಣನಿಲ್ಲವೆಂದು ಈಗಷ್ಟೇ ಹೇಳಿದ್ದೆ. ಆದರೂ ಅಂದೆ, "ಇಲ್ಲ ರೀ. ಒಬ್ಬನ ಅದಾನ."

"ಪಾಪ. ಬ್ಯಾಸರ ಆಗತಿರಬೇಕ."

"ಹೌದ್ರಿ ಕಾಕು. ಭಾಳ ಬ್ಯಾಸರ ಆಗತೈತಿ ಅವಗ."

ಇಷ್ಟು ವರ್ಷಗಳಲ್ಲಿ ಆ ಮಾತನ್ನು ನಾನು ಯಾರ ಮುಂದೆಯೂ ಆಡಿರಲಿಲ್ಲ. ಕಾಕು ದಾರವನ್ನು ಹಲ್ಲಿನಿಂದ ಕಡಿದರು.

"ಹಂಗಾರ ನಾಳೆ ಊಟಕ್ಕ ಕರಕೊಂಡ ಬರ್ರಿ ಅವರನ್ನ."

"ಬರ್ತಾನ್ರಿ" ಅಂದೆ.