ಬಾಗಿಲು ಮುಚ್ಚದ ಹಳದಿ ಗಾಡಿ

ನಾನು ಸಿಂಧನೂರಿನಲ್ಲಿ ಸಾಮಾನು ಸಾಗಿಸುವ ಸಣ್ಣ ಗಾಡಿ ಓಡಿಸುತ್ತೇನೆ. ಅಂಗಡಿಗಳಲ್ಲಿ ಜನ ಕೊಂಡ ಮಂಚ, ಕಪಾಟು, ಫ್ರಿಜ್ಜು, ಕೂಲರ್‌ಗಳನ್ನು ಅವರ ಮನೆಗೆ ಮುಟ್ಟಿಸುವುದು ನನ್ನ ಕೆಲಸ. ಒಂದು ದಿನ ಜವಳಗೇರಾ, ಇನ್ನೊಂದು ದಿನ ಮಸ್ಕಿ, ಮದುವೆಗಳ ಕಾಲದಲ್ಲಿ ಲಿಂಗಸುಗೂರು ದಾಟಿ ಗುರುಗುಂಟಾದವರೆಗೂ. ಇಪ್ಪತ್ತೆರಡು ವರ್ಷದಿಂದ ಇದೇ. ಹೋದ ವರ್ಷ ಗುರುಗುಂಟಾದಲ್ಲಿ ಒಂದು ಕಪಾಟು ಇಳಿಸುವಾಗ ಹಗ್ಗ ಜಾರಿ, ಅದರ ಮೂಲೆ ನನ್ನ ಎಡಗಾಲ ಮೇಲೆ ಕೂತಿತು. ಪಾದದ ಎಲುಬು ಎರಡು ಕಡೆ ಮುರಿದಿತ್ತು. ಡಾಕ್ಟರು ಪ್ಲಾಸ್ಟರ್ ಹಾಕಿ, ಆರು ವಾರ ಈ ಕಾಲು ನೆಲಕ್ಕೆ ಊರಬೇಡಿ ಎಂದರು.

ಮನೆಯಲ್ಲಿರುವುದು ನಾನು ಮತ್ತು ನನ್ನ ಹೆಂಡತಿ ಇಬ್ಬರೇ. ಅವಳು ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾಳೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವಳಿಗೆ ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ನಾನು ಪಡಸಾಲೆಯ ಮಂಚದ ಮೇಲೆ ಕಾಲು ಚಾಚಿಕೊಂಡು ಗಳಿಗೆಗೊಮ್ಮೆ ಅವಳನ್ನು ಕೂಗುತ್ತಿದ್ದೆ. ನೀರು ಕೊಡು, ಫ್ಯಾನ್ ಹಚ್ಚು, ಹೊರಗೆ ಯಾರು ಬಂದರು ನೋಡು. ಒಂದು ವಾರ ಕಳೆಯುವಷ್ಟರಲ್ಲಿ ಇಬ್ಬರಿಗೂ ಸಾಕಾಗಿತ್ತು.

ಆಗ ಮಸ್ಕಿಗೆ ಮದುವೆಯಾಗಿ ಹೋಗಿರುವ ಮಗಳು ನನ್ನನ್ನು ನೋಡಲು ಬಂದಳು. ತಾಯಿಯ ಮುಖ ನೋಡಿಯೇ ಅವಳಿಗೆ ಪರಿಸ್ಥಿತಿ ತಿಳಿಯಿತು. ನನ್ನ ಫೋನ್ ತೆಗೆದುಕೊಂಡು ಅದರಲ್ಲಿ ಒಂದು ಆಟ ಹಾಕಿಕೊಟ್ಟಳು.

“ಅಪ್ಪಾ, ಇದು ನಿಂದೇ ಕೆಲಸ. ಗಾಡಿ ಹೊಡ್ಕೊಂಡು ಹೋಗಿ ಸಾಮಾನು ಮುಟ್ಟಿಸಬೇಕು.”

“ಅದ್ನ ಮಾಡಾಕ ಹೋಗಿ ಕಾಲು ಮುರ್ಕೊಂಡೀನಿ. ಈಗ ಫೋನಿನ್ಯಾಗೂ ಅದ್ನ ಮಾಡ್ಲೇನು?”

“ಎರಡು ದಿನ ಆಡಿ ನೋಡು. ಬ್ಯಾಡಾದ್ರ ತೆಗೆದು ಒಗಿ.”

ಬೇರೆ ಕೆಲಸವಿರಲಿಲ್ಲ, ಆಡಿದೆ. ಸಮುದ್ರದ ಮಧ್ಯೆ ಗುಡ್ಡದ ಮೇಲೊಂದು ಊರು. ಮೂರು ಗಾಲಿಯ ಹಳದಿ ಗಾಡಿ, ಅದರ ಹಿಂದಿನ ಬಾಗಿಲು ಏನು ಮಾಡಿದರೂ ಮುಚ್ಚುವುದಿಲ್ಲ. ಮುಟ್ಟಿಸಬೇಕಾದ ಸಾಮಾನುಗಳೂ ವಿಚಿತ್ರ: ನೀರು ತುಂಬಿದ ಟಬ್ಬಿನಲ್ಲಿ ಒಂದು ಜೀವಂತ ಮೀನು, ಉರುಳಿ ಹೋಗುವ ಕಲ್ಲಂಗಡಿಗಳು, ತಗ್ಗು ಬಂದಾಗಲೆಲ್ಲ ಚೀರುವ ಒಂದು ಗಡಿಯಾರ. ತಡವಾದರೆ ಗಿರಾಕಿಯ ಮುಖ ಕೆಂಪಾಗುತ್ತದೆ. ಸರಿಯಾಗಿ ಮುಟ್ಟಿಸಿದರೆ ಮೂರು ಚುಕ್ಕಿ.

ನನಗೆ ಒಂದು ಚುಕ್ಕಿಯೂ ಬರಲಿಲ್ಲ. ತಿರುವಿನಲ್ಲಿ ಹಾರ್ನ್ ಹಾಕಿ ನಿಧಾನ ಮಾಡುತ್ತಿದ್ದೆ. ಎದುರಿಗೆ ಕೋಳಿ ಬಂದರೆ ನಿಲ್ಲುತ್ತಿದ್ದೆ. ಸಣ್ಣ ಓಣಿಗೆ ರಿವರ್ಸ್‌ನಲ್ಲೇ ಹೋಗುತ್ತಿದ್ದೆ, ಬರುವಾಗ ಸಲೀಸಾಗಲಿ ಎಂದು. ನಾನು ಮುಟ್ಟುವಷ್ಟರಲ್ಲಿ ಗಿರಾಕಿ ಬಾಗಿಲು ಹಾಕಿಕೊಂಡು ಒಳಗೆ ಹೋಗಿರುತ್ತಿದ್ದ.

ಒಂದು ಮಧ್ಯಾಹ್ನ ಹೆಂಡತಿ ಹಿಟ್ಟಿನ ಕೈ ತೊಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತು ನೋಡಿ, “ಕೊಡ್ರಿ ಇಲ್ಲಿ” ಎಂದು ಫೋನ್ ಇಸಿದುಕೊಂಡಳು. ಸೈಕಲ್ ಕೂಡ ಹತ್ತಿದವಳಲ್ಲ. ಗಾಡಿಯನ್ನು ರಸ್ತೆ ಬಿಟ್ಟು ಮೆಟ್ಟಿಲ ಮೇಲೆ ಹತ್ತಿಸಿದಳು, ಅಲ್ಲಿಂದ ಒಂದು ಮನೆಯ ಮಾಳಿಗೆಗೆ, ಮಾಳಿಗೆಯಿಂದ ನೇರ ಗಿರಾಕಿಯ ಅಂಗಳಕ್ಕೆ ಹಾರಿಸಿದಳು. ಕಲ್ಲಂಗಡಿಗಳು ಒಂದೂ ಒಡೆದಿರಲಿಲ್ಲ. ಮೂರು ಚುಕ್ಕಿ ಬಂದವು.

“ನಿಮಗ ಗಾಡಿ ಹೊಡಿಯಾಕ ಬರಂಗಿಲ್ಲ ನೋಡ್ರಿ,” ಎಂದು ನಕ್ಕಳು.

ಅದು ತಮಾಷೆಯ ಮಾತು. ಆದರೆ ಬಾಗಿಲ ಹೊರಗೆ ನನ್ನ ಗಾಡಿ ಎರಡು ವಾರದಿಂದ ಧೂಳು ತಿನ್ನುತ್ತ ನಿಂತಿತ್ತು. ನನಗೆ ತಡೆಯಲಾಗಲಿಲ್ಲ. “ಒಲಿ ಮುಂದ ಕುಂತಾಕಿಗಿ ರಸ್ತೆ ಏನ್ ಗೊತ್ತು?” ಎಂದುಬಿಟ್ಟೆ.

ಅವಳು ಫೋನನ್ನು ಮಂಚದ ಮೇಲಿಟ್ಟು ಎದ್ದು ಹೋದಳು. ಆ ದಿನದ ರೊಟ್ಟಿ ಮುಗಿದಿದ್ದರೂ ಮತ್ತೆ ಹಿಟ್ಟು ಕಲಸಿದ ಸದ್ದು ಕೇಳಿಸಿತು. ಸಂಜೆ ಚಹಾದ ಕಪ್ಪು-ಬಸಿ ತಂದು ಮುಂದಿಟ್ಟು ಮೆಲ್ಲಗೆ ಹೇಳಿದಳು: “ತೋರಿಸಿದ್ರ ಗೊತ್ತಾಗತಿತ್ತು.”

ನಾನು ಲೆಕ್ಕ ಹಾಕಿ ನೋಡಿದೆ. ಇಷ್ಟು ವರ್ಷದಲ್ಲಿ ಅವಳು ನನ್ನ ಗಾಡಿ ಹತ್ತಿದ್ದು ಎರಡೇ ಸಲ. ಒಮ್ಮೆ ಆಸ್ಪತ್ರೆಗೆ, ಒಮ್ಮೆ ಮಗಳ ಸಾಮಾನು ಮಸ್ಕಿಗೆ ಒಯ್ಯುವಾಗ. ಲಿಂಗಸುಗೂರನ್ನು ಅವಳು ನೋಡಿಯೇ ಇರಲಿಲ್ಲ. ನಾನು ದಿನಾ ಹೋಗಿ ಬರುವ ಊರುಗಳ ಹೆಸರು ಮಾತ್ರ ಅವಳಿಗೆ ಗೊತ್ತಿದ್ದವು.

“ತಪ್ಪಾತು,” ಎಂದೆ. “ಕಾಲು ನೆಟ್ಟಗಾಗ್ಲಿ, ಕರ್ಕೊಂಡು ಹೋಗ್ತೀನಿ. ಈಗ ಆ ಮಾಳಿಗಿ ಹ್ಯಾಂಗ ಹತ್ತಿಸಿದಿ, ಅದನ್ನ ಹೇಳಿ ಕೊಡು.”

ಅವಳು ತನ್ನ ಚಹಾ ಕುಡಿದು ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಪಕ್ಕಕ್ಕೆ ಬಂದಳು. “ಬ್ರೇಕ್ ಮ್ಯಾಲಿಂದ ಬಟ್ಟು ತೆಗೀರಿ ಮೊದಲ. ಹ್ಞಾ, ಬಿಡ್ರಿ. ಅಂಜಬ್ಯಾಡ್ರಿ, ಹಾರಿಸ್ರಿ!” ನಾನು ಕಣ್ಣು ಮುಚ್ಚಿ ಹಾರಿಸಿದೆ. ಗಾಡಿ ಎರಡು ಪಲ್ಟಿ ಹೊಡೆದು ಬಾವಿಕಟ್ಟೆಯ ಮೇಲೆ ಇಳಿಯಿತು. ಮೀನು ಟಬ್ಬಿನಿಂದ ಹಾರಿ ತಾನೇ ಗಿರಾಕಿಯ ಕೈಗೆ ಹೋಗಿ ಬಿತ್ತು. ಇಬ್ಬರೂ ಎಷ್ಟು ನಕ್ಕೆವೆಂದರೆ ಪಕ್ಕದ ಮನೆಯವರು ಬಂದು ಏನಾಯಿತೆಂದು ಕೇಳಿದರು.

ಆಮೇಲಿನ ನಾಲ್ಕು ವಾರ ಬೇಗ ಹೋದವು. ರೊಟ್ಟಿ ಮುಗಿದ ಮೇಲೆ ಅವಳು ಒಂದು ಸಲ, ನಾನು ಒಂದು ಸಲ. ನಡುವೆ ಅವಳು ಕೇಳುತ್ತಿದ್ದಳು: ಖರೇನ ಓಣಿಯೊಳಗ ರಿವರ್ಸ್ ಹೋಗ್ತೀರೇನು? ಮ್ಯಾಲಿನ ಮನಿಗಿ ಕಪಾಟ ಹ್ಯಾಂಗ ಏರಿಸ್ತೀರಿ? ನಾನು ಹೇಳುತ್ತಿದ್ದೆ. ಗುರುಗುಂಟಾದ ಕಪಾಟಿನ ವಿಷಯವನ್ನು ಪೂರ್ತಿಯಾಗಿ ಹೇಳಿದ್ದೂ ಆಗಲೇ. ಹಗ್ಗ ಜಾರಿದ ಗಳಿಗೆಯಲ್ಲಿ ನನಗೆ ಎಷ್ಟು ಹೆದರಿಕೆಯಾಗಿತ್ತೆಂದು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ.

ಪ್ಲಾಸ್ಟರ್ ತೆಗೆದು, ಕಾಲಿಗೆ ಬಲ ಬಂದ ಮೇಲೆ, ಮೊದಲು ಸಿಕ್ಕ ಲಿಂಗಸುಗೂರಿನ ಬಾಡಿಗೆಗೆ ಅವಳನ್ನು ಕರೆದುಕೊಂಡು ಹೋದೆ. ಹಿಂದೆ ಒಂದು ಮಂಚ, ಮುಂದೆ ನಾವಿಬ್ಬರು. ಮಸ್ಕಿಯಲ್ಲಿ ಮಗಳ ಮನೆಗೆ ಹೋಗಿ ಚಹಾ ಕುಡಿದೆವು. ಮರಳಿ ಬರುವಾಗ ಅವಳ ಕಣ್ಣು ಹೊರಗಿರಲಿಲ್ಲ, ನನ್ನ ಕೈ ಕಾಲುಗಳ ಮೇಲಿತ್ತು. ಊರು ಹತ್ತಿರ ಬಂದಾಗ, “ನನಗ ಕಲಿಸ್ತೀರೇನು?” ಎಂದಳು.

ಕಲಿಯುವವರ ಲೈಸೆನ್ಸ್ ಮಾಡಿಸಿದೆವು. ಈಗ ಭಾನುವಾರ ಬೆಳಗ್ಗೆ ಸಾಲಗುಂದದ ಕಡೆ ರಸ್ತೆ ಖಾಲಿ ಇರುವಾಗ ಅವಳು ಓಡಿಸುತ್ತಾಳೆ, ನಾನು ಪಕ್ಕದಲ್ಲಿ ಕೂರುತ್ತೇನೆ. ಫೋನಿನಲ್ಲಿ ಮಾಳಿಗೆಯಿಂದ ಹಾರಿಸುವವಳು ಇಲ್ಲಿ ಎರಡನೇ ಗೇರ್ ದಾಟುವುದಿಲ್ಲ. ಹೋದ ವಾರ ಹಿಂದಿನಿಂದ ಭತ್ತದ ಟ್ರ್ಯಾಕ್ಟರ್ ಒಂದು ಹಾರ್ನ್ ಹಾಕುತ್ತಲೇ ಬಂತು. ಅವಳು ಗಾಡಿಯನ್ನು ಎಡಕ್ಕೆ ತೆಗೆದುಕೊಂಡು ನಿಲ್ಲಿಸಿದಳು.

“ಹೋಗ್ಲಿ ಬಿಡ್ರಿ, ಅವ್ರಿಗಿ ಅವಸರ ಐತಿ,” ಎಂದು, ಧೂಳು ಕೂತ ಮೇಲೆ ಮತ್ತೆ ಗೇರ್ ಹಾಕಿದಳು.